ಉಜ್ಜಿ ತೆಗೆದ ಪದರ

"ನೋಡಿ ಮೇಡಂ, ಹೇಗೆ ಹೊಳೀತಾ ಉಂಟು!" ಎಂದು ಸ್ವಾರಗೇಟ್ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನ ಶೆಟ್ಟರು ಇಡ್ಲಿ ಸ್ಟೀಮರಿನ ಸರ್ಕ್ಯೂಟ್ ಬೋರ್ಡನ್ನು ಹೆಮ್ಮೆಯಿಂದ ನನ್ನ ಕೈಗಿಟ್ಟರು. ಅದು ಪೂರ್ತಿ ಕೆಟ್ಟುಹೋಗಿತ್ತು. ಹೊರಗೆ ಗಿರಾಕಿಗಳು ಇಡ್ಲಿ ಸಿಗದೆ ಎದ್ದು ಹೋಗುತ್ತಿದ್ದರು.

ಅಡುಗೆಮನೆಯ ಆವಿಗೆ ಬೋರ್ಡು ಪದೇ ಪದೇ ಕೆಡುತ್ತದೆಂದು, ತೇವ ತಡೆಯುವ ತೆಳ್ಳನೆಯ ಪಾರದರ್ಶಕ ಪದರವೊಂದನ್ನು ಹಿಂದಿನ ಸಲ ರಿಪೇರಿಗೆ ಬಂದಾಗ ನಾನೇ ಅದಕ್ಕೆ ಬಳಿದುಕೊಟ್ಟಿದ್ದೆ. ಈಗ ಅದರ ಸುಳಿವೇ ಇರಲಿಲ್ಲ.

"ಮ್ಯಾಲಿನ ಪದರ ಎಲ್ಲಿ ಹೋತ್ರಿ?" ಎಂದೆ.

"ಪದರವಾ? ಎಣ್ಣೆ ಜಿಡ್ಡು ಅಂತ ಥಿನ್ನರ್ ಹಾಕಿ ನಾನೇ ಉಜ್ಜಿ ತೆಗೆದೆ ಮಾರಾಯ್ರೆ!"

ಹೊಸ ಬೋರ್ಡಿಗೆ ಮತ್ತೆ ಪದರ ಬಳಿದು ತಂದು, ಅದನ್ನು ಪರೀಕ್ಷಿಸಲೆಂದೇ ಇರುವ ನೇರಳೆ ಬೆಳಕಿನ ಟಾರ್ಚ್ ಬಿಟ್ಟು ತೋರಿಸಿದೆ. ಪದರವಿದ್ದಲ್ಲೆಲ್ಲ ಬೋರ್ಡು ನೀಲಿಯಾಗಿ ಬೆಳಗಿತು. ಶೆಟ್ಟರು ಬೆರಗಾಗಿ, ಇನ್ನು ಥಿನ್ನರ್ ಮುಟ್ಟುವುದಿಲ್ಲ ಎಂದರು.

ಮೊನ್ನೆ ತಿಂಡಿಗೆ ಹೋದರೆ, ಅವರು ಅಂಥದೇ ಟಾರ್ಚ್ ಕೊಂಡು ತಂದು, ಸ್ಟೀಮರಿನ ಮುಚ್ಚಳ ಬಿಚ್ಚಿ, ಗಿರಾಕಿಗಳನ್ನು ಕರೆಕರೆದು ಬೋರ್ಡಿನ ಬೆಳಕು ತೋರಿಸುತ್ತಿದ್ದರು! ಪಕ್ಕದಲ್ಲೇ ಸಾಂಬಾರು ಕುದಿಯುತ್ತಿತ್ತು.

ಬೋರ್ಡು ಇನ್ನೂ ಕೆಟ್ಟಿಲ್ಲ. ಆದರೆ ಶೆಟ್ಟರ ಫೋನ್ ಬಂದಾಗಲೆಲ್ಲ, ಅದನ್ನು ಎತ್ತುವ ಮೊದಲೇ ಹೊಸ ಬೋರ್ಡೊಂದನ್ನು ಚೀಲಕ್ಕೆ ಹಾಕಿಕೊಳ್ಳುತ್ತೇನೆ.