ಬೇಸ್‌ಮೆಂಟಿನಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್

ಒಂದು ಚೆಂಡನ್ನೂ ನೆಟ್ಟಗೆ ಒದೆಯಲಾರದ ನಾನು ಎರಡು ವರ್ಷಗಳ ಕಾಲ ಡೆಟ್ರಾಯ್ಟ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲಿನ ಏಕಮೇವ ಪಂಡಿತನಾಗಿದ್ದೆ. ಈ ಪದವಿಗೆ ಇನ್ನೊಬ್ಬ ಅಭ್ಯರ್ಥಿ ಇರಲಿಲ್ಲ ಎಂಬುದೇ ಅದರ ಸೊಗಸು.

ಹಿನ್ನೆಲೆ ಹೇಳಬೇಕು. ಶನಿವಾರ ಯಾರದಾದರೊಬ್ಬರ ಮನೆಯಲ್ಲಿ ಊಟವಿರುತ್ತಿತ್ತು. ಹೆಂಗಸರು ಮೇಲೆ ಅಡುಗೆಮನೆಯಲ್ಲಿ, ಮಕ್ಕಳು ಟೀವಿ ಮುಂದೆ, ಗಂಡಸರು ಕಾಗದದ ತಟ್ಟೆ ಹಿಡಿದು ಬೇಸ್‌ಮೆಂಟಿನಲ್ಲಿ. ಅಲ್ಲಿ ಕೂತ ಪ್ರತಿಯೊಬ್ಬರಿಗೂ ಒಂದೊಂದು ಇಲಾಖೆ. ವೀಸಾ ವಿಚಾರ ಒಬ್ಬರದು. ಹುಲ್ಲುಹಾಸಿನ ಗೊಬ್ಬರ ಫಾರ್ಮಿಂಗ್‌ಟನ್ನಿನ ರಾಜಣ್ಣನವರದು. ಟೈರಿನ ವಿಷಯ ನಜೀರ್ ಸಾಹೇಬರದು. ಗದಗಿನಿಂದ ಬಂದು ಡಿಯರ್‌ಬಾರ್ನ್‌ನಲ್ಲಿ ಟೈರ್ ಅಂಗಡಿ ಇಟ್ಟವರಾದ್ದರಿಂದ ಅವರೊಬ್ಬರಿಗೆ ಮಾತ್ರ ತಮ್ಮ ಇಲಾಖೆ ನಿಜವಾಗಿ ಗೊತ್ತಿತ್ತು. ಒಬ್ಬರ ಇಲಾಖೆಯಲ್ಲಿ ಇನ್ನೊಬ್ಬರು ಬಾಯಿ ಹಾಕುವುದೆಂದರೆ ಪಕ್ಕದವರ ತಟ್ಟೆಯ ಚಿರೋಟಿಗೆ ಕೈ ಹಾಕಿದಂತೆ. ನನ್ನ ದುರ್ದೈವಕ್ಕೆ ನನಗೆ ಇಲಾಖೆ ಇರಲಿಲ್ಲ. ಕ್ರಿಕೆಟ್ ಎಲ್ಲರದೂ ಆಗಿತ್ತು, ಆದ್ದರಿಂದ ಯಾರದೂ ಅಲ್ಲ. ಇಲಾಖೆ ಇಲ್ಲದವನು ಸಾಂಬಾರಿನ ಪಾತ್ರೆಯನ್ನು ಮೇಲಿನಿಂದ ಕೆಳಗೆ ತರುವವನಾಗುತ್ತಾನೆ. ನಾನು ಆರು ವರ್ಷ ತಂದೆ.

ಹೀಗಿರುವಾಗ ಆನ್ ಆರ್ಬರಿನ ಗ್ರಂಥಾಲಯದವರು ಮಾರಲಿಟ್ಟ ಹಳೆಯ ಪುಸ್ತಕಗಳ ರಾಶಿಯಲ್ಲಿ ಒಂದು ದಪ್ಪ ಗ್ರಂಥ ಸಿಕ್ಕಿತು: ಆಸ್ಟ್ರೇಲಿಯನ್ ಫುಟ್‌ಬಾಲಿನ ಆಟಗಾರರ ಮತ್ತು ಕೋಚ್‌ಗಳ ಚರಿತ್ರೆ. ಹಗಲು ಮಾಂಸದ ಅಂಗಡಿ ನಡೆಸಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದ ಆಟಗಾರರು, ತಾವೇ ಕೋಚ್, ತಾವೇ ನಾಯಕರಾಗಿ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದ ಮಹಾನುಭಾವರು, ಎದುರಾಳಿಯ ಹೆಗಲ ಮೇಲೆ ಮಂಡಿಯೂರಿ ಆಕಾಶದಿಂದ ಚೆಂಡು ಕಿತ್ತುಕೊಂಡವರು, ಎಲ್ಲರೂ ಅದರಲ್ಲಿದ್ದರು. ಒಂದೇ ಕೊರತೆಯೆಂದರೆ, ಆಟ ಹೇಗೆ ಆಡುವುದೆಂದು ಎಲ್ಲೂ ಬರೆದಿರಲಿಲ್ಲ. ಓದುಗನಿಗೆ ಅಷ್ಟೂ ಗೊತ್ತಿಲ್ಲದಿರಲು ಸಾಧ್ಯವಿಲ್ಲವೆಂದು ಲೇಖಕ ನಂಬಿದ್ದ. ಹೀಗಾಗಿ ಯಾರ ಮಂಡಿ ಯಾವ ಚಳಿಗಾಲದಲ್ಲಿ ಮುರಿಯಿತೆಂದು ನಾನು ಬಲ್ಲೆ. ಒಂದು ಪಕ್ಷದಲ್ಲಿ ಎಷ್ಟು ಜನವೆಂದು ಅರಿಯೆ. ಪಾಂಡಿತ್ಯಕ್ಕೆ ಇದಕ್ಕಿಂತ ಭದ್ರವಾದ ಅಡಿಪಾಯ ಬೇಕಿಲ್ಲ.

ಪುಸ್ತಕ ಮುಗಿದ ಮೇಲೆ ಚರಿತ್ರೆ ಮುಗಿಯಬೇಕೆಂದೇನೂ ಇಲ್ಲವಲ್ಲ. ಬಾಯಿ ತೆರೆದು ಕೇಳುವವರ ಮುಂದೆ ನಾನೂ ಕೆಲವು ಕೋಚ್‌ಗಳನ್ನು ಸೃಷ್ಟಿಸಿದೆ. ಸೋತ ದಿನ ಬಾಗಿಲು ಒದ್ದು, ಮುರಿದ ಬಾಗಿಲನ್ನು ಮರುದಿನ ತಾನೇ ರಿಪೇರಿ ಮಾಡುತ್ತಿದ್ದ ಬಡಗಿ ಕೋಚ್ ಪೂರ್ತಿ ನನ್ನ ಕೈಯ ಕೂಸು. ಜೇಬಿನ ಫೋನು ತೆಗೆದು ಸತ್ಯ ಹುಡುಕುವ ಅನಿಷ್ಟ ಇನ್ನೂ ಬಂದಿರಲಿಲ್ಲ. ಸಾಂಬಾರಿನ ಪಾತ್ರೆ ಬೇರೆಯವರ ಕೈಗೆ ಹೋಯಿತು.

ಅನುಮಾನಪಟ್ಟವರು ಇಬ್ಬರೇ. ಒಬ್ಬಳು ನನ್ನ ಮಗಳು. ಆಕೆಯ ಟೀಕೆ ಚಿಕ್ಕದು: “ಅಪ್ಪಾ, ಹೂ ಕೇರ್ಸ್?” ಇನ್ನೊಬ್ಬರು ನಜೀರ್ ಸಾಹೇಬರು.

“ಗುರುಗಳ, ಇವರನ್ನೆಲ್ಲಾ ನೀವು ಕಂಡೀರೇನು?”

“ಓದಿದೀನಿ ಸಾಹೇಬರೇ.”

“ಟೈರ್ ಬಗ್ಗೆ ಓದಿದವರೂ ನಮ್ಮ ಅಂಗಡಿಗೆ ಬರ್ತಾರ್ರೀ. ಅವರಿಗೇ ಭಾಳ ಪಂಕ್ಚರ್ ಆಗೋದು.”

ಕೀರ್ತಿಗೆ ಒಂದು ಕೆಟ್ಟ ಚಾಳಿಯಿದೆ, ಅದು ಮನೆಯಲ್ಲಿರುವುದಿಲ್ಲ. ರಾಜಣ್ಣನವರ ಸೌತ್‌ಫೀಲ್ಡ್ ಆಫೀಸಿನಲ್ಲಿ ಒಬ್ಬ ನಿಜವಾದ ಆಸ್ಟ್ರೇಲಿಯನ್ ಇದ್ದ. ರಜಾದಿನಗಳಲ್ಲಿ ಪಾರ್ಕಿನಲ್ಲಿ ಈ ಆಟವಾಡುವ ಡೆಟ್ರಾಯ್ಟಿನ ಹವ್ಯಾಸಿ ತಂಡಕ್ಕೆ ಅವನೇ ಕೋಚ್. ಅವರು ಷಿಕಾಗೊ ಕಡೆಯ ತಂಡದ ಮೇಲೆ ಆಡಲು ಅರೋರಾಗೆ ಹೋಗಬೇಕಿತ್ತು. ಗೋಲ್ ಕಂಬದ ಬಳಿ ನಿಲ್ಲುವ ಅಂಪೈರ್ ಒಬ್ಬ ಬೇಕಿತ್ತು. ರಾಜಣ್ಣನವರು ತುಂಬಿದ ಬೇಸ್‌ಮೆಂಟಿನಲ್ಲಿ ಘೋಷಿಸಿದರು: “ನಿಮ್ಮ ಹೆಸರು ಕೊಟ್ಬಿಟ್ಟೆ ಮೂರ್ತಿಯವರೇ. ಅವನಿಗೆ ಭಾರಿ ಖುಷಿ ಆಯ್ತು.”

ಒಲ್ಲೆನೆಂದರೆ ಇಲಾಖೆ ಆ ಕ್ಷಣವೇ ಬರಖಾಸ್ತು. ಆಗಲಿ ಎಂದೆ.

“ನಾನೂ ಬರ್ತೀನಿ,” ಎಂದರು ನಜೀರ್ ಸಾಹೇಬರು. “ಸಾಕ್ಷಿ ಬೇಕಲ್ಲ.”

ಆ ಆಟದ ಗೋಲ್ ಅಂಪೈರ್ ಬಿಳಿ ಕೋಟು ತೊಟ್ಟು ಬಾವುಟ ಬೀಸುವುದು ಪದ್ಧತಿಯೆಂದು ಪುಸ್ತಕದ ಚಿತ್ರಗಳಲ್ಲಿ ನೋಡಿದ್ದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿಯ ಕೋಟು ಎರವಲು ಪಡೆದೆ. ತೋಳು ಮೊಣಕೈಗೇ ನಿಂತಿತು. ಹಳೆಯ ಪಂಚೆಯೊಂದನ್ನು ಹರಿದು ಎರಡು ಬಾವುಟ ಮಾಡಿದೆ. ಒಂದರಲ್ಲಿ ಹಸಿರು ಅಂಚು ಉಳಿದುಕೊಂಡಿತು. ಸುಮಾರು ಮುನ್ನೂರು ಮೈಲಿ ಡ್ರೈವ್ ಮಾಡಿದವರು ನಜೀರ್ ಸಾಹೇಬರು. ಪಕ್ಕದಲ್ಲಿ ಕೂತು ಬೆವರಿದವನು ನಾನು.

ಅರೋರಾದ ಪಾರ್ಕಿನಲ್ಲಿ ಕೋಚ್ ನನ್ನ ಕೋಟನ್ನು ನೋಡಿಯೂ ನಗದೆ ಐದು ನಿಮಿಷದಲ್ಲಿ ಪಾಠ ಮಾಡಿದ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದ ಚೆಂಡು ಯಾರಿಗೂ ಏನಕ್ಕೂ ತಾಕದೆ ಹೋದರೆ ಆರು ಅಂಕ, ಎರಡು ಬಾವುಟ. ಎತ್ತರದ ಕಂಬಕ್ಕೆ ತಗುಲಿದರೆ, ಅಥವಾ ಅದಕ್ಕೂ ಪಕ್ಕದ ಗಿಡ್ಡ ಕಂಬಕ್ಕೂ ನಡುವಿನ ಸಂದಿಯಲ್ಲಿ ಹೋದರೆ, ಒಂದು ಅಂಕ, ಒಂದು ಬಾವುಟ. ಗುರಿ ತಪ್ಪಿದವನಿಗೂ ಒಂದು ಕೊಡುವ ಆಟ! ನನ್ನ ಎರಡು ವರ್ಷದ ಪಾಂಡಿತ್ಯದಲ್ಲಿ ಈ ಮಹಾವಾಕ್ಯ ಇರಲೇ ಇಲ್ಲ.

ಮೂರು ಗಂಟೆಗಳ ಕಾಲ ಪಂಚೆ ಹಾರಿಸಿದೆ. ಕೊನೆಯ ನಿಮಿಷಕ್ಕೆ ನಮ್ಮ ಡೆಟ್ರಾಯ್ಟ್ ಐದು ಅಂಕ ಹಿಂದಿತ್ತು. ನಮ್ಮ ಹುಡುಗನೊಬ್ಬ ದೂರದಿಂದ ಒದ್ದ. ಚೆಂಡು ಬಲಗಂಬದ ಒಳಮಗ್ಗುಲಿನಿಂದ ಹಾಯ್ದು ಹೋಯಿತು. ಹೋಗುವಾಗ ‘ಟಕ್’ ಎಂದಿತು. ಕಂಬವೆಂದರೆ ಪ್ಲಾಸ್ಟಿಕ್ ಕೊಳವೆ; ಅಂಥ ದೊಡ್ಡ ಸದ್ದೇನಲ್ಲ. ಕೇಳಿದ್ದು ನನಗೊಬ್ಬನಿಗೆ. ನಮ್ಮವರು ಆಗಲೇ ಒಬ್ಬರನ್ನೊಬ್ಬರು ಎತ್ತಿಕೊಂಡು ಕುಣಿಯುತ್ತಿದ್ದರು. ಎದುರಾಳಿಗಳು ತಲೆ ತಗ್ಗಿಸಿದ್ದರು. ಎರಡು ಬಾವುಟ ಎತ್ತಿದ್ದರೆ ಕೇಳುವವರಿರಲಿಲ್ಲ. ಇನ್ನು ಹತ್ತು ವರ್ಷ ಬೇಸ್‌ಮೆಂಟಿನಲ್ಲಿ ನಾನೇ ಚಕ್ರವರ್ತಿ. ಬಾಗಿಲು ಒದೆಯುವ ಕೋಚನ್ನು ಹುಟ್ಟಿಸಿದ ನನಗೆ ಒಂದು ‘ಟಕ್’ ನುಂಗುವುದು ಕಷ್ಟವೇ? ಏಕೋ ನುಂಗಲಾಗಲಿಲ್ಲ. ಸುಳ್ಳು ಹೇಳಲು ನನಗೆ ತಟ್ಟೆ, ಚಿರೋಟಿ, ಬೇಸ್‌ಮೆಂಟಿನ ಕಾರ್ಪೆಟ್ಟು ಬೇಕಾಗುತ್ತವೆಂದು ಕಾಣುತ್ತದೆ. ಹಸಿರು ಅಂಚಿನ ಬಾವುಟವೊಂದನ್ನೇ ಎತ್ತಿದೆ.

ನಾಲ್ಕು ಅಂಕದಿಂದ ಸೋತೆವು. ಕೋಚ್ ನನ್ನತ್ತ ನಡೆದು ಬಂದ. ನಾನು ವರ್ಣಿಸಿದ್ದ ಕೋಚ್‌ಗಳೆಲ್ಲ ಇಂಥ ಹೊತ್ತಿಗೆ ಏನು ಮಾಡುತ್ತಿದ್ದರೆಂದು ನೆನಪಾಗಿ ಒಂದು ಹೆಜ್ಜೆ ಹಿಂದೆ ಸರಿದೆ. ಅವನು “ತಗುಲಿತಾ?” ಎಂದು ಕೇಳಿದ. ತಗುಲಿತು ಎಂದೆ. ತಲೆಯಾಡಿಸಿ ನೀರು ಕುಡಿಯಲು ಹೋದ. ನಿಜವಾದ ಚರಿತ್ರೆ ಇಷ್ಟೊಂದು ಸಪ್ಪೆಯಾಗಿರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ.

ಮುಂದಿನ ಶನಿವಾರ ಬೇಸ್‌ಮೆಂಟಿನಲ್ಲಿ ಕಥೆ ಹೇಳಿದವರು ನಜೀರ್ ಸಾಹೇಬರು. “ಸಿಡಿಲು ಬಡಿದಂಗ ಸಪ್ಪಳ ಆತ್ರೀ. ಕಂಬ ಎರಡು ಹೋಳು. ಗುರುಗಳು ಕಣ್ಣು ಪಿಳುಕಿಸಲಿಲ್ಲ.” ನನ್ನನ್ನು ಉಳಿಸಲು ಅವರು ತಮ್ಮ ಜೀವಮಾನದ ಮೊದಲ ಸುಳ್ಳು ಹೇಳುತ್ತಿದ್ದರು.

“ಹೌದಾ ಮೂರ್ತಿಯವರೇ?” ಎಂದರು ರಾಜಣ್ಣ.

“ಕಂಬ ಹಾಗೇ ಇದೆ,” ಎಂದೆ. “ಪ್ಲಾಸ್ಟಿಕ್ ಕೊಳವೆ, ಟಕ್ ಅಂತು, ಅಷ್ಟೆ. ಮತ್ತೆ, ಆ ಬಾಗಿಲು ಒದೀತಿದ್ದ ಕೋಚ್ ಇದ್ನಲ್ಲ, ಅವನನ್ನ ಹುಟ್ಟಿಸಿದ್ದು ನಾನೇ.”

ರಾಜಣ್ಣ ಗಂಟಲು ಸರಿಮಾಡಿಕೊಂಡು ಗೊಬ್ಬರದ ವಿಷಯ ಎತ್ತಿದರು. ನನ್ನ ಇಲಾಖೆ ಮುಚ್ಚಿತು. ಮೇಲಿನಿಂದ ಯಾರೋ ಸಾಂಬಾರು ಒಯ್ಯಲು ಕರೆದರು. ನಾನು ಏಳುತ್ತಿದ್ದಂತೆ ನಜೀರ್ ಸಾಹೇಬರು ತಮ್ಮ ತಟ್ಟೆಯ ಚಿರೋಟಿಯನ್ನು ನನ್ನ ತಟ್ಟೆಗೆ ಹಾಕಿದರು.

“ತಗೋರಿ ಗುರುಗಳ. ಗುರಿ ತಪ್ಪಿದವರಿಗೂ ಒಂದು.”