ಅಪ್ಪನ ಕಡೆಯವರ ಊರುಗಳಿಗೆ

ಬಾಬುರಾಯನಕೊಪ್ಪಲಿನಲ್ಲಿ ಬೆಳಗ್ಗೆ ಮೊದಲು ಬಂದ ಬಸ್ಸನ್ನೇ ಹತ್ತಿದೆ. ಅವರೆಕಾಯಿಯ ಕಾಲ, ಮಂಜು ದಟ್ಟವಾಗಿತ್ತು. ದಿನವೂ ಕಾಣುವ ಕರಿಘಟ್ಟದ ಬೆಟ್ಟ ಅಂದು ಕಾಣಲಿಲ್ಲ. ಹೆಂಗಸರಿಗೆ ಈಗ ಸರ್ಕಾರಿ ಬಸ್ಸು ಉಚಿತ. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟರು. ಶ್ರೀರಂಗಪಟ್ಟಣದಲ್ಲಿ ಇಳಿದು ಪಾಂಡವಪುರದ ಬಸ್ಸು ಹಿಡಿಯಬೇಕಿತ್ತು. ಅಲ್ಲಿಂದ ಕೆ.ಆರ್. ಪೇಟೆ, ಮುಂದೆ ನಾಗಮಂಗಲ, ಸಂಜೆಗೆ ವಾಪಸ್ಸು. ಒಂದು ದಿನದ ಸುತ್ತು. ಶಾಲೆಗೆ ರಜೆ ಹಾಕಿದ್ದೆ.

ಯಾಕೆ ಹೊರಟೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ನಮ್ಮ ಒಬ್ಬನೇ ಮಗ ನಿಶಾಂತ್ ತೀರಿಕೊಂಡ. ಮೂಳೆಯ ಕ್ಯಾನ್ಸರು, ಮಂಡಿಯ ಮೇಲೆ. ಮಕ್ಕಳಲ್ಲಿ ಅಪರೂಪಕ್ಕೆ ಬರುವಂಥದು. ಮೈಸೂರಿನ ಆಸ್ಪತ್ರೆಯಲ್ಲಿ ಅವನ ರಕ್ತ ಪರೀಕ್ಷಿಸಿದವರು ಆಮೇಲೆ ನಮ್ಮಿಬ್ಬರದನ್ನೂ ತೆಗೆದುಕೊಂಡರು. ಅವನ ಒಂದು ಜೀನಿನಲ್ಲಿದ್ದ ದೋಷ ನನ್ನಲ್ಲೂ ಇತ್ತು, ನನ್ನ ಯಜಮಾನರಲ್ಲಿ ಇರಲಿಲ್ಲ. ನನ್ನ ಅಪ್ಪ ನಲವತ್ತು ದಾಟುತ್ತಲೇ ತಲೆಯಲ್ಲಿ ಗೆಡ್ಡೆಯಾಗಿ ಹೋದವರು ಎಂದು ಕೇಳಿದ ಮೇಲೆ ಡಾಕ್ಟರಮ್ಮ, ಇದು ಅವರ ಕಡೆಯಿಂದಲೇ ಇಳಿದು ಬಂದಿರಬೇಕು ಅಂದರು. ದೋಷ ಇದ್ದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ, ಆದರೆ ಗೊತ್ತಿದ್ದರೆ ವರ್ಷ ವರ್ಷವೂ ಸ್ಕ್ಯಾನ್ ಮಾಡಿ, ಸಣ್ಣದಿರುವಾಗಲೇ ಹಿಡಿಯಬಹುದು. ನಾನಿನ್ನು ಬದುಕಿರುವವರೆಗೂ ಹಾಗೆ ತೋರಿಸಿಕೊಳ್ಳಬೇಕು. ನನ್ನ ತಮ್ಮನಿಗೆ ಒಂಬತ್ತು ವರ್ಷದ ಮಗಳಿದ್ದಾಳೆ. ಅವನ ರಕ್ತದಲ್ಲಿ ಇಲ್ಲವಾದರೆ ಅವಳ ಚಿಂತೆ ಬೇಡ. ಇದ್ದರೆ, ಅವಳಿಗೆ ಬಂದಿರಲೂಬಹುದು, ಬಾರದಿರಲೂಬಹುದು. ರಕ್ತ ಪರೀಕ್ಷೆಗೆ ಅವನನ್ನು ಒಪ್ಪಿಸಬೇಕಿತ್ತು.

ಯಜಮಾನರು ಜೊತೆಗೆ ಬರಲಿಲ್ಲ, ನಾನೂ ಕರೆಯಲಿಲ್ಲ. ಅವರು ನನ್ನ ಅಮ್ಮನ ತಮ್ಮ, ನನ್ನ ಸೋದರಮಾವ. ಮಗು ಹೋದ ಮೇಲೆ ನೆಂಟರ ಮನೆಗಳಲ್ಲಿ ಅವರನ್ನು ಕಂಡೊಡನೆ ಮಾತು ನಿಲ್ಲುತ್ತಿತ್ತು.

ಪಾಂಡವಪುರದಲ್ಲಿ ಮಂಜು ಕರಗಿತ್ತು. ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ನಿಂತು ರಸ್ತೆ ಅರ್ಧ ಮುಚ್ಚಿಹೋಗಿತ್ತು. ತಮ್ಮ ಲೋಕೇಶನ ಮನೆ ತೊಣ್ಣೂರಿನ ರಸ್ತೆಯಲ್ಲಿದೆ, ಬಸ್‌ ಸ್ಟ್ಯಾಂಡಿನಿಂದ ನಡೆದೇ ಹೋದೆ. ಅವನು ಡೈರಿಗೆ ಹಾಲು ಹಾಕಿ ಆಗತಾನೆ ಬಂದಿದ್ದ.

"ಬಾಕ್ಕ. ಮಾವ ಬರ್ನಿಲ್ವಾ?"

"ಇಲ್ಲ ಕಣೋ."

ಅವನ ಹೆಂಡತಿ ಸುಧಾ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಮಗಳು ಹರ್ಷಿತಾ ಯೂನಿಫಾರಂ ಹಾಕಿಕೊಂಡು ಬಂದು ನನ್ನ ಪಕ್ಕ ನಿಂತು, "ಅತ್ತೆ, ಖೋಖೋ ಟೀಮಲ್ಲಿ ನಾನೇ ಉದ್ದ" ಎಂದಳು. ಅವಳು ಶಾಲೆಯ ಆಟೋ ಹತ್ತುವವರೆಗೆ ಕಾದು ವಿಷಯ ಹೇಳಿದೆ. ಡಾಕ್ಟರಮ್ಮ ಹೇಳಿದ್ದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಲೋಕೇಶ ಕೊನೆಯವರೆಗೂ ಕೇಳಿಸಿಕೊಂಡ.

"ಬೇಜಾರ್ ಮಾಡ್ಕಬ್ಯಾಡ ಕಣಕ್ಕ. ನೀನು ಸೋದರ್‌ಮಾವನ್ನ ಕಟ್ಕಂಡೆ, ಅಂಗಾಯ್ತು. ಆಸ್ಪತ್ರೆ ಗೋಡೆ ಮ್ಯಾಲೇ ಬರ್ದವ್ರೆ, ಸಂಬಂಧದೊಳ್ಗೆ ಮದ್ವೆ ಬ್ಯಾಡಿ ಅಂತ. ನಾನು ಮಳವಳ್ಳಿಯಿಂದ ಎಣ್ಣು ತಂದಿವ್ನಿ. ನಮ್ಗೆಲ್ಲಿಂದ ಬಂದಾತು?"

"ಅದು ಬೇರೆ ಕಾಯಿಲೆಗಳ ಮಾತು. ಇದಕ್ಕೆ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬರಬೇಕಾಗಿಲ್ಲ, ಒಬ್ಬರ ಕಡೆಯದೇ ಸಾಕಂತೆ. ನನಗೆ ಅಪ್ಪನಿಂದ ಬಂದಿರೋದು. ನಿನಗೂ ಅವರೇ ಅಪ್ಪ."

"ಅಪ್ಪಂಗೆ ಆಗಿದ್ದು ತಲೇಲಿ. ನಿಸಾಂತಂಗೆ ಕಾಲಲ್ಲಿ. ಅದ್ಕೂ ಇದ್ಕೂ ಯಾಕಕ್ಕ ಗಂಟಾಕ್ತೀಯ?" ಅವನು ಲೋಟ ಕೆಳಗಿಟ್ಟ. "ನಾಳೆ ಮಗೀಗೆ ಗಂಡು ನೋಡೋವಾಗ ಈ ಮಾತು ಒರಗೆ ಬಿದ್ರೆ ಯಾವನ್ ಬತ್ತಾನೆ?"

"ಅವಳಿಗಿನ್ನೂ ಒಂಬತ್ತು ಕಣೋ."

"ಬೆಳೆಯಾಕೆ ಎಷ್ಟೊತ್ತಾದಾತು, ಬುಡು."

ಸುಧಾ ಎರಡು ರೊಟ್ಟಿಯನ್ನು ಚಟ್ನಿಯ ಜೊತೆ ಕಟ್ಟಿ ನನ್ನ ಚೀಲದಲ್ಲಿಟ್ಟಳು. ಗೇಟಿನವರೆಗೂ ಬಂದಳು.

ಕೆ.ಆರ್. ಪೇಟೆಯ ಬಸ್ಸು ಚಿನಕುರಳಿಯ ಮೇಲೆ ಹೋಗುತ್ತದೆ. ಪಕ್ಕದಲ್ಲಿ ಬಳೆ ಮಾರುವ ಮುಸ್ಲಿಂ ಹೆಂಗಸೊಬ್ಬರು ಕುಳಿತಿದ್ದರು. ಬಳೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಎರಡೂ ಕೈಯಲ್ಲಿ ತಬ್ಬಿ ಹಿಡಿಯುತ್ತಿದ್ದರು.

"ಈ ಡ್ರೈವರಪ್ಪಂಗೆ ನನ್ ಬಳೆ ಮ್ಯಾಲೆ ಏನೋ ದುಸ್ಮನಿ" ಅಂದರು. ನಾನು ನಕ್ಕೆ. ಆಮೇಲೆ, "ಮಕ್ಳೆಷ್ಟಮ್ಮ?" ಎಂದು ಕೇಳಿದರು.

"ಒಬ್ಬ ಮಗ."

"ಏನ್ ಓದ್ತಾವ್ನೆ?"

"ಎಂಟನೇ ಕ್ಲಾಸು."

"ಅಲ್ಲಾ ಅವ್ನಿಗೆ ಒಳ್ಳೆ ಉಮರ್, ಆಯಸ್ಸು ಕೊಡ್ಲಿ" ಎಂದು ನನ್ನ ಕೈ ಮುಟ್ಟಿದರು. ನಾನು ಕಿಟಕಿಯ ಕಡೆ ತಿರುಗಿದೆ. ಅವನು ಎಂಟನೆಯ ತರಗತಿಗೆ ಸೇರಿದ್ದು ನಿಜ.

ಕೆ.ಆರ್. ಪೇಟೆಯಲ್ಲಿ ನನಗೆ ಯಾರೂ ಇಲ್ಲ. ಅಪ್ಪ ಹುಟ್ಟಿದ ಹಳ್ಳಿ ಆ ತಾಲ್ಲೂಕಿನದು ಎಂದಷ್ಟೇ ಈ ಸುತ್ತುದಾರಿ ಹಿಡಿದಿದ್ದೆ, ಅಲ್ಲಿಯ ಜಮೀನು ಮಾರಿ ಎಷ್ಟೋ ಕಾಲವಾಯಿತು. ನಾಗಮಂಗಲದ ಬಸ್ಸು ತಡವಾಯಿತು. ಕಲ್ಲು ಬೆಂಚಿನ ಮೇಲೆ ಕುಳಿತು ರೊಟ್ಟಿ ತಿಂದೆ. ಬಿಸಿಲು ಏರಿತ್ತು. ಓಡಾಡುತ್ತಿದ್ದ ಜನರಲ್ಲಿ ಅಪ್ಪನ ಕಡೆಯವರು ಇರಬಹುದು, ನನಗೆ ಗುರುತಿಲ್ಲ. ಅವರ ಮನೆಗಳಿಗೆ ಈ ಸುದ್ದಿಯನ್ನು ಯಾರು ಮುಟ್ಟಿಸಬೇಕೋ ತಿಳಿಯಲಿಲ್ಲ.

ನಾಗಮಂಗಲ ತಲುಪಿದಾಗ ಊಟದ ಹೊತ್ತು ಮೀರಿತ್ತು. ಅಪ್ಪನ ಅಕ್ಕ ಚಿಕ್ಕತಾಯಮ್ಮ ಅಲ್ಲಿ ಮೈದುನನ ಮಗನ ಮನೆಯಲ್ಲಿದ್ದಾರೆ. ಎಪ್ಪತ್ತೈದು ದಾಟಿದೆ, ಕಿವಿ ಚುರುಕು. ಮೊರದ ಮುಂದೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಬಾ ಭಾಗ್ಯ. ಏನವ್ವ, ಗಾಳಿ ಬಂದ್ರೆ ತೂರೋಯ್ತೀಯಲ್ಲ ಇಂಗಾಗಿ. ಮೊದ್ಲು ಮುದ್ದೆ ಉಣ್ಣು."

ಉಂಡೆ. ಅವರ ಜೊತೆ ಕುಳಿತು ಕಾಯಿ ಸುಲಿಯತೊಡಗಿದೆ. ಅವರಿಗೂ ಒಬ್ಬನೇ ಮಗ, ಪುಟ್ಟಸ್ವಾಮಿ. ನಾನು ಹುಟ್ಟುವ ಮೊದಲೇ ಸತ್ತವನು. ಕರು ಒದ್ದು ಸತ್ತ ಎಂದಷ್ಟೇ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಹೇಗೆ ಎಂದು ಕೇಳಿದೆ.

"ಕರ ಕಟ್ಟಾಕ್ಬುಟ್ಟು ಬಾ ಅಂತ ನಾನೇ ಕಳುಸ್ದೆ. ಒದೀತು. ಮಂಡಿ ಮ್ಯಾಲೆ ಬಾವು ಬಂತು, ಮುಟ್ಟುದ್ರೆ ಸುಡೋದು. ಮೂಳೆ ಕಟ್ಟೋರ ತಾವ ಕರ್ಕೊಂಡೋದೊ. ಮೊಟ್ಟೆ ಲೋಳೆ ಅಚ್ಚಿ, ಬಿದಿರು ದಬ್ಬೆ ಇಟ್ಟು ಕಟ್ಟುದ್ರು. ಕಟ್ಟುದಂಗೆಲ್ಲ ದಪ್ಪಾಯ್ತಾ ಓಯ್ತು." ಅವರ ಬೆರಳು ನಿಲ್ಲಲಿಲ್ಲ. "ನಿಮ್ಮಾವ ಆ ಕರಾನ ಸಂತೇಲಿ ಮಾರ್ಬುಟ್ಟು ಬಂದ್ರು. ನನ್ನ ಮಾರಕ್ಕಾಗಲ್ವಲ್ಲ, ಇಟ್ಕಂಡ್ರು."

ನಾನು ನಿಶಾಂತನ ಕಾಲಿನ ವಿಷಯ ಹೇಳಿದೆ. ಅದೇ ಜಾಗ, ಅದೇ ಬಿಸಿ. ಅವನು ಸೈಕಲ್ಲಿನಿಂದ ಬಿದ್ದಿದ್ದಾನೆ ಎಂದು ನಾವೂ ತಿಳಿದಿದ್ದೆವು. ರಕ್ತದಲ್ಲಿ ಸಿಕ್ಕಿದ್ದನ್ನೂ ಹೇಳಿದೆ.

"ಅಂಗಾರೆ ಕರ ಮಾಡಿದ್ದಲ್ವಾ?"

"ಒದ್ದಿರಬಹುದು ಅತ್ತೆ. ಆದರೆ ಒದೆತದಿಂದ ಈ ಕಾಯಿಲೆ ಬರಲ್ಲ. ಅವತ್ತಿಗಾಗಲೇ ಒಳಗೆ ಇತ್ತು ಅಂತ ಕಾಣುತ್ತೆ."

ಅವರು ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದರು. "ನಿಮ್ಮಾವ ಇದ್ದಾಗ ಯೋಳ್ಬೇಕಾಗಿತ್ತು ಕಣವ್ವ ಇದ್ನ" ಅಂದರು. ಆಮೇಲೆ, "ಅಂದ್ರೆ ಅದು ನನ್ನಿಂದ ಬಂತಾ?"

"ಇರಬಹುದು. ನಿಶಾಂತನಿಗೆ ನನ್ನಿಂದ ಬಂದ ಹಾಗೆ."

ಅವರು ಅಳಲಿಲ್ಲ. ಸುಲಿದ ಕಾಳನ್ನು ಒಂದು ಕಡೆಗೆ ಒತ್ತರಿಸಿ, ಲೋಕೇಶ ಏನಂದ ಎಂದು ಕೇಳಿದರು. ಹೇಳಿದೆ. "ಆಕು ಫೋನ" ಅಂದರು.

ಫೋನನ್ನು ಬಾಯಿಯ ಮುಂದೆ ಹಿಡಿದು ಕೂಗಿದರು: "ಲೇ ಲೋಕ, ನಾನೇನ್ ಸೋದರ್‌ಮಾವನ್ನ ಕಟ್ಕಂಡಿದ್ನೇನ್ಲಾ? ನಿಮ್ಮಾವ ಬೆಳ್ಳೂರ್ ಕಡೇವ್ರು, ಮದ್ವೆಗ್ ಮುಂಚೆ ನಮ್ಗೆ ನಂಟೇ ಇರ್ನಿಲ್ಲ. ನನ್ ಮಗಂಗೆ ಎಂಗ್ಲಾ ಬಂತು? ಯೋಳು, ಈಗ ಬಾಯ್ಬುಡು." ಉತ್ತರಕ್ಕೆ ಕಾಯದೆ ಮುಂದುವರಿಸಿದರು: "ಎಣ್ಣು ಕೊಡ್ಬೇಕಂತೆ, ಎಣ್ಣು. ಕೊಡಾಕೆ ಎಣ್ಣು ಉಳ್ದಿರ್ಬೇಕಲ್ವೇನ್ಲಾ ಮೊದ್ಲು?"

ಅವರು ಫೋನು ನನ್ನ ಕೈಗೆ ಕೊಟ್ಟಾಗ ಅವನು ಇಟ್ಟುಬಿಟ್ಟಿದ್ದ. ಹೊರಟಾಗ ಅತ್ತೆ ಸುಲಿದ ಅವರೆಕಾಳನ್ನೆಲ್ಲ ನನ್ನ ಸೆರಗಿಗೆ ಸುರಿದರು. ಬೇಡವೆಂದರೂ ಕೇಳಲಿಲ್ಲ.

ಮೈಸೂರಿನ ಬಸ್ಸು ಸಿಕ್ಕಿತು, ಪಾಂಡವಪುರ ಹಾದು ಹೋಗುವಂಥದು. ಕಿಟಕಿಯ ಸೀಟು. ಬಸ್ಸು ತುಂಬಿದ್ದರೂ ಯಾರೂ ನನ್ನನ್ನು ಮಾತನಾಡಿಸಲಿಲ್ಲ, ಅದೇ ಚೆನ್ನಾಗಿತ್ತು. ದಾರಿಯ ಬದಿಯ ಆಲೆಮನೆಗಳಿಂದ ಬೆಲ್ಲದ ವಾಸನೆ ಬರುತ್ತಿತ್ತು. ಜಕ್ಕನಹಳ್ಳಿ ದಾಟುವಾಗ ಫೋನು ಬಂತು. "ಎಲ್ಲಿದ್ದೀಯ?" ಎಂದು ಲೋಕೇಶ ಕೇಳಿದ. ಹೇಳಿದೆ. ಇಟ್ಟ.

ಪಾಂಡವಪುರದ ಸ್ಟ್ಯಾಂಡಿನಲ್ಲಿ ಅವನು ಸ್ಕೂಟರಿನ ಪಕ್ಕ ನಿಂತಿದ್ದ, ಜೊತೆಗೆ ಯೂನಿಫಾರಮ್ಮಿನಲ್ಲೇ ಇದ್ದ ಹರ್ಷಿತಾ. ನನ್ನ ಕಿಟಕಿಯ ಕೆಳಗೆ ಬಂದು ಸರಳು ಹಿಡಿದುಕೊಂಡ. ಮಗಳಿಗೆ ಕೇಳದ ಹಾಗೆ, "ರಕ್ತ ಕೊಡಾಕೆ ಖಾಲಿ ಒಟ್ಟೇಲ್ ಬರ್ಬೇಕಾ?" ಅಂದ.

"ಬೇಡ. ತಿಂದ್ಕೊಂಡೇ ಬಾ."

"ಸೋಮ್ವಾರ?"

"ಸೋಮವಾರ."

"ಮಾವಂಗೆ ಯೋಳಕ್ಕ..." ಎಂದ. ಕಂಡಕ್ಟರು ಸೀಟಿ ಊದಿದರು. ಅವನು ಸರಳು ಬಿಟ್ಟ.

ಬಸ್ಸು ತಿರುಗುವಾಗ ಹಿಂದಕ್ಕೆ ನೋಡಿದೆ. ಲೋಕೇಶ ಕೈ ಎತ್ತಿರಲಿಲ್ಲ, ಹರ್ಷಿತಾ ಎತ್ತಿದ್ದಳು. ಒಂದು ಕಾಲು ಮಡಚಿ, ಇನ್ನೊಂದರ ಮೇಲೆಯೇ ಭಾರ ಬಿಟ್ಟು ನಿಂತಿದ್ದಳು. ನನ್ನ ಕಣ್ಣು ಅವಳ ಮಂಡಿಯ ಮೇಲೇ ಇತ್ತು. ಮಕ್ಕಳು ಹಾಗೆ ನಿಲ್ಲುತ್ತಾರೆ.