ಕೊಸರಿಗೆ ಬಂದ ನಾಲ್ಕು ಪಟ್ಟಿ

ಮೋಟಾರಿಗೆ ನಾನು ಕೊಟ್ಟದ್ದು ಒಂಬೈನೂರು ರೂಪಾಯಿ. ಎಂಟುನೂರೈವತ್ತು ಮೋಟಾರಿನದು, ಐವತ್ತು ನಾನು ಆಡಿದ ಒಂದು ಸುಳ್ಳಿನದು. ಮೊದಲನೆಯದರ ಬಗ್ಗೆ ನನಗೆ ಈಗಲೂ ಬೇಸರವಿಲ್ಲ. ಹನ್ನೊಂದು ನೂರು ಹೇಳಿದ ಮಾಲನ್ನು ಅಷ್ಟಕ್ಕೆ ಇಳಿಸಿದ್ದೆ. ಎರಡನೆಯದು ಯಾಕೆ ಹೋಯಿತು ಎಂಬುದನ್ನು ಬರೆದಿಟ್ಟರೆ, ಮನೆಯಲ್ಲಿ ಚೊಚ್ಚಲ ಬಸುರಿಯನ್ನಿಟ್ಟುಕೊಂಡು ಗಾಡಿ ಹುಡುಕುತ್ತಿರುವ ಯಾರಿಗಾದರೂ ಐವತ್ತು ರೂಪಾಯಿ ಉಳಿದೀತು.

ಸಂಸ್ಥಾನಗಳು ಇನ್ನೂ ಇದ್ದ ಕಾಲ. ಬನಹಟ್ಟಿಯಲ್ಲಿ ನನಗೆ ನಾಲ್ಕು ಮಗ್ಗ, ಒಂದು ಸೀರೆಯ ಅಂಗಡಿ ಇದ್ದವು. ಹೆಗಲ ಮೇಲೆ ಸೀರೆಯ ಗಂಟು ಹೊತ್ತು ಮಹಾಲಿಂಗಪುರ, ಮುಧೋಳದ ಸಂತೆ ತಿರುಗಿ ಮಾಡಿಕೊಂಡ ಆಸ್ತಿ ಅದು. ಮನೆಯಲ್ಲಿ ಹಿರಿಯ ಹೆಂಗಸರು ಯಾರೂ ಇರಲಿಲ್ಲ. ಹೀಗಾಗಿ ಹೆಂಡತಿ ಹೆರಿಗೆಗೆ ಬೀಳಗಿಯ ತವರಿಗೆ ಹೋಗುವುದು ನಮಗೆ ಬರೀ ರೂಢಿಯ ಮಾತಾಗಿರಲಿಲ್ಲ. ಬಾಣಂತನ ಮಾಡುವ ಕೈ ಅಲ್ಲಿ ಮಾತ್ರ ಇತ್ತು.

ದಾರಿ ಮೂವತ್ತು ಮೈಲಿ. ಅದರಲ್ಲಿ ಅರ್ಧ ಎರೆಮಣ್ಣು. ಮಳೆಗಾಲದಲ್ಲಿ ಚಕ್ಕಡಿಯ ಗಾಲಿ ಕೊರೆದ ಕೊರಕಲು ಬೇಸಿಗೆಯಲ್ಲಿ ಕಲ್ಲಾಗಿರುತ್ತಿತ್ತು. ಎರಡು ವರ್ಷದ ಹಿಂದೆ ನನ್ನ ಹೆಂಡತಿಯ ಅಕ್ಕ ಚೊಚ್ಚಲ ಹೆರಿಗೆಗೆಂದು ಇದೇ ದಾರಿಯಲ್ಲಿ ಚಕ್ಕಡಿಯಲ್ಲಿ ತವರಿಗೆ ಹೊರಟಿದ್ದಳು. ಬೀಳಗಿಯ ಈಚೆಯ ಹಳ್ಳದಲ್ಲಿ ಗಾಲಿ ಕುಸಿಯಿತು. ಕೂಸು ಅಲ್ಲೇ ಹುಟ್ಟಿತು, ಉಳಿಯಲಿಲ್ಲ. ಅಂದಿನಿಂದ ನಮ್ಮತ್ತೆಯ ಮುಂದೆ ಚಕ್ಕಡಿಯ ಹೆಸರು ಎತ್ತುವಂತಿರಲಿಲ್ಲ.

ಬಾಡಿಗೆಯ ಮೋಟಾರು ಜಮಖಂಡಿಯಲ್ಲಿ ಒಂದೋ ಎರಡೋ ಇದ್ದವು. ಬೇಕಾದಾಗ ಯಾರದೋ ಮದುವೆಗೆ ಹೋಗಿರುತ್ತಿದ್ದವು. ಸರ್ವಿಸ್ ಮೋಟಾರಿನಲ್ಲಿ ಮೂವತ್ತು ಜನ, ಬೆಲ್ಲದ ಪೆಂಟೆ, ಒಂದೆರಡು ಆಡು. ಒಂದು ಗಾಡಿ ಕೊಂಡೇ ಬಿಡುವುದೆಂದು ನಿರ್ಧರಿಸಿದೆ.

ಜಮಖಂಡಿಯಲ್ಲಿ ಒಬ್ಬ ಮಿಸ್ತ್ರಿ ದೊಡ್ಡ ಮನೆತನದವರು ಬಿಟ್ಟ ಹಳೆಯ ಮೋಟಾರು ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದ. ಆತನ ಛಪ್ಪರದಡಿ ಮೂರು ನಿಂತಿದ್ದವು. ಒಂದಕ್ಕೆ ಎರಡೇ ಸೀಟು. ಇನ್ನೊಂದು ನೋಡಲು ಚಂದವಿತ್ತು, ಬಾಗಿಲನ್ನು ಹಗ್ಗದಿಂದ ಕಟ್ಟಿದ್ದರು. ಮೂರನೆಯದು ಉದ್ದನೆಯ, ಮೇಲೆ ಬಟ್ಟೆಯ ಟಪ್ಪು ಹೊದಿಸಿದ ಗಾಡಿ. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಕಾಲು ಚಾಚಿ ಮಲಗಬಹುದಿತ್ತು. ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಉಳಿದೆರಡರ ಸುತ್ತ ಅರ್ಧ ತಾಸು ತಿರುಗಿದೆ.

“ಯಾತಕ್ಕ ಬೇಕ್ರಿ ಸಾವ್ಕಾರ್ರ, ಮೋಟಾರು?” ಎಂದು ಮಿಸ್ತ್ರಿ ಕೇಳಿದ.

“ಸೀರಿ ಗಂಟ ಹೇರಾಕ,” ಅಂದೆ.

ಸುಳ್ಳು ಇದೇ. ಕೊಳ್ಳುವವನ ಅವಸರ, ಗರಜು ಕಂಡರೆ ದರ ಏರುತ್ತದೆ. ಬಸುರಿಯ ಗರಜು ಕಂಡರೆ ಇನ್ನೂ ಏರುತ್ತದೆ. ಗಂಟು ಎಷ್ಟು ದಿನ ಬೇಕಾದರೂ ಕಾಯುತ್ತದೆ, ಬಸುರು ಕಾಯುವುದಿಲ್ಲ, ಇದು ಮಾರುವವನಿಗೂ ಗೊತ್ತು.

“ಹಂಗಾರ ಆ ಉದ್ದಂದ ತಗೋರಿ. ಹನ್ನೊಂದ ನೂರ.”

“ಅದಾ? ಆರ ನೂರ.”

“ಬರೇ ಗಾಲಿ ಒಯ್ಯಾವ್ರೇನ್ರಿ?”

“ಟಪ್ಪ ಹರದೈತಲ್ಲೋ ಮಾರಾಯ.”

“ಗಂಟಿಗೇನ ನೆಗಡಿ ಆಗತೈತೇನ್ರಿ?”

ಮಧ್ಯಾಹ್ನದವರೆಗೆ ಎರಡು ಸಲ ಚಹಾ ಆಯಿತು, ಎರಡು ಸಲ ನಾನು ಎದ್ದು ಹೊರಟೆ, ಎರಡು ಸಲ ಆತ ಕರೆದ. ಎಂಟುನೂರೈವತ್ತಕ್ಕೆ ಕುದುರಿತು, ಮೂರು ದಿನ ಓಡಿಸಲು ಕಲಿಸುವುದು ಸೇರಿ. ಆದರೆ ಬದನೆಕಾಯಿ ಕೊಂಡರೂ ಮೇಲೆ ಎರಡು ಕೊಸರು ಹಾಕಿಸಿಕೊಳ್ಳದೆ ನಾನು ಸಂತೆ ಬಿಟ್ಟವನಲ್ಲ.

“ಕೊಸರಿಗೆ ಏನ ಕೊಡ್ತಿ?” ಎಂದೆ.

ಮಿಸ್ತ್ರಿ ಗಾಡಿಯ ಕೆಳಗೆ ಬಗ್ಗಿ ನೋಡಿದ. “ಗಂಟ ಹೇರಾವ್ರದೀರಿ. ಹಿಂದಿನ ಸ್ಪ್ರಿಂಗಿಗೆ ಈ ಕಡಿ ಎರಡು, ಆ ಕಡಿ ಎರಡು ಪಟ್ಟಿ ಹೆಚ್ಚಿಗಿ ಹಾಕಿ ಕೊಡ್ತೀನಿ. ಎಷ್ಟ ಹೇರಿದ್ರೂ ಬಗ್ಗೂದಿಲ್ಲ.”

ನಾಲ್ಕು ಉಕ್ಕಿನ ಪಟ್ಟಿ, ಪುಕ್ಕಟೆ. ನಾನು ಆರು ಕೇಳಿದೆ. ಆತ ನಾಲ್ಕಕ್ಕೇ ನಿಂತ.

ಏಳನೆಯ ತಿಂಗಳಿಗೆ ಅತ್ತೆ ಬಂದರು. ಮಗಳಿಗೆ ಹಸಿರು ಸೀರೆ ಉಡಿಸಿ, ಕುಬಸ ತೊಡಿಸಿ, ಉಡಿ ತುಂಬಿದರು. ಎಂಟನೆಯ ತಿಂಗಳಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ. ಅದು ಹತ್ತಲು ಎಂಟು ದಿನ ಉಳಿದಿತ್ತು. ಬೀಳಗಿಯಲ್ಲಿ ಹಾಸಿಗೆ ಹಿಡಿದ ಮಾವನನ್ನು ನೆರೆಯವರಿಗೆ ಒಪ್ಪಿಸಿ ಬಂದಿದ್ದರಿಂದ ಅತ್ತೆಯೂ ಅದಕ್ಕಿಂತ ಹೆಚ್ಚು ನಿಲ್ಲುವಂತಿರಲಿಲ್ಲ.

ಅವರು ಮೋಟಾರಿನ ಸುತ್ತ ಒಂದು ಸುತ್ತು ಬಂದರು. ಟಪ್ಪಿನ ಹರಕಿಗೆ ಹಾಕಿಸಿದ ತೇಪೆ ತೋರಿಸಿದೆ. ಅದರ ಮೇಲೆ ಅವರ ಕಣ್ಣಿರಲಿಲ್ಲ.

“ಮೊಸರ ಗಡಿಗಿ ಇಟ್ಟ ನೋಡೂಣ್ರಿ, ಅಳ್ಯಾರ,” ಅಂದರು. “ಕೆನಿ ಒಡೀಲಿಲ್ಲಂದ್ರ ನನ್ನ ಮಗಳನ್ನ ಇದರಾಗ ಕೂಡಸ್ತೀನಿ.”

“ಒಡದ್ರ, ಅತ್ತಿ?”

“ಒಡದ್ರ ಆ ಮಜ್ಜಿಗಿ ಕುಡದು ನಾ ಒಬ್ಬಾಕಿನ ಹೋಗ್ತೀನಿ. ಆಕಿ ಇಲ್ಲೇ ಇರ್ತಾಳ.”

ಮರುದಿನ ಮುಂಜಾನೆ, ರಾತ್ರಿ ಹೆಪ್ಪು ಹಾಕಿದ ಎಮ್ಮೆಯ ಮೊಸರಿನ ಗಡಿಗೆಯನ್ನು ಸಿಂಬೆಯ ಮೇಲೆ ಹಿಂದಿನ ಸೀಟಿನಲ್ಲಿಟ್ಟೆವು. ಅತ್ತೆ ಪಕ್ಕದಲ್ಲಿ ಕೂತರು, ಗಡಿಗೆಯನ್ನು ಮುಟ್ಟಲಿಲ್ಲ. ಜಮಖಂಡಿಯ ದಾರಿಯಲ್ಲಿ ಐದು ಮೈಲಿ ಹೋಗಿ ತಿರುಗಿ ಬಂದೆ. ಹಿಂದೆ ಅತ್ತೆಯ ಬಳೆ ಉದ್ದಕ್ಕೂ ಸದ್ದು ಮಾಡುತ್ತಿದ್ದವು. ಮನೆಯ ಮುಂದೆ ಮುಚ್ಚಳ ತೆಗೆದರೆ ಮಜ್ಜಿಗೆ.

“ಇನ್ನೊಂದೀಟ ಓಡಿಸಿದ್ರ ಬೆಣ್ಣಿನೂ ಬರ್ತಿತ್ತ ನೋಡ್ರಿ,” ಎಂದಳು ಹೆಂಡತಿ, ಬಾಗಿಲು ಹಿಡಿದು ನಿಂತು. ಒಳಗೆ ಬಂದ ಮೇಲೆ ದನಿ ಇಳಿಸಿ ಕೇಳಿದಳು: “ಅವ್ವ ಹೋದ್ರ ನನಗ ಯಾರ ಅದಾರ್ರಿ ಇಲ್ಲಿ?”

“ನಾ ಅದೀನಲ್ಲ.”

ಅಂಚು ಹರಿದ ಸೀರೆಯನ್ನು ಗಿರಾಕಿ ನೋಡುವಂತೆ ನನ್ನನ್ನು ನೋಡಿದಳು.

ಎರಡನೆಯ ಸಲ ಟಯರಿನ ಗಾಳಿ ಇಳಿಸಿ, ಸೀಟಿನ ಮೇಲೆ ನಾಲ್ಕು ಕೌದಿ ಹಾಸಿ, ಎತ್ತಿನ ನಡಿಗೆಯಲ್ಲಿ ಓಡಿಸಿದೆ. ಮೊಸರು ಮೂರು ಹೋಳಾಯಿತು. ಅತ್ತೆ ಬೆಳಕಿಗೆ ಹಿಡಿದು ನೋಡಿ ಮುಚ್ಚಳ ಹಾಕಿದರು. ಆ ಸಂಜೆ ತಮ್ಮ ಗಂಟು ಕಟ್ಟತೊಡಗಿದರು. ಎಂಟನೆಯ ತಿಂಗಳಿಗೆ ಮೂರು ದಿನ ಬಾಕಿ.

ಬೆಳಗಾಗುತ್ತಲೇ ಜಮಖಂಡಿಗೆ ಹೋದೆ.

“ಗಾಡಿ ಕುಲುಕತೈತಿ, ಮಿಸ್ತ್ರಿ.”

“ಖಾಲಿ ಐತ್ರಿ, ಅದಕ್ಕ. ಹಿಂದ ಹತ್ತ ಮಣ ಗಂಟ ಹಾಕ್ರಿ, ತೊಟ್ಟಿಲ ತೂಗಿದಂಗ ಹೋಗತೈತಿ.”

ಕ್ಷಣ ಹೊತ್ತು ಅದನ್ನೂ ಲೆಕ್ಕ ಹಾಕಿದೆ. ಹತ್ತು ಮಣ ಹೇರಿದರೆ ಗಡಿಗೆಗೆ ಜಾಗ ಉಳಿಯುತ್ತಿತ್ತು, ಹೆಂಡತಿಗೆ ಉಳಿಯುತ್ತಿರಲಿಲ್ಲ.

“ಗಂಟಲ್ಲ,” ಅಂದೆ. “ಮನಿಯಾಕಿ ಕೂಡಬೇಕು. ಏಳ ತಿಂಗಳ ಆಗ್ಯಾವು.”

ಮಿಸ್ತ್ರಿ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. “ಅವತ್ತ ಹೇಳಾಕ ಏನಾಗಿತ್ರಿ ನಿಮಗ?”

“ಹೇಳಿದ್ರ ದರ ಏರಸ್ತಿದ್ದಿ.”

“ಖರೆ. ಏರಸ್ತಿದ್ನಿ. ಐವತ್ತ ಏರಸ್ತಿದ್ನಿ.” ಗಾಡಿಯ ಕೆಳಗೆ ಗೋಣಿಚೀಲ ಹಾಸಿದ. “ನಾಲ್ಕು ಪಟ್ಟಿ ಬಿಚ್ಚಿದ್ರ ಗಾದಿ ಆಗತೈತ್ರಿ ಇದು. ಮೊದಲ ಗಾದಿನ ಇತ್ತು. ಕಲ್ಲ ಮಾಡಿಸಿದವ್ರ ನೀವು.”

“ಬಿಚ್ಚಾಕ ಎಷ್ಟ?”

“ಐವತ್ತ.”

ನಲವತ್ತು ಅಂದೆ. ಆತ ಹಾಸಿದ ಗೋಣಿಚೀಲ ಮಡಚತೊಡಗಿದ. ನನ್ನ ಗರಜು ಈಗ ಆತನಿಗೆ ಗೊತ್ತಿತ್ತು. ಐವತ್ತು ಕೊಟ್ಟೆ, ಬಿಚ್ಚಿದ ಪಟ್ಟಿಗಳನ್ನು ಮಾತ್ರ ಬಿಡದೆ ಮನೆಗೆ ತಂದೆ.

ಮೂರನೆಯ ಗಡಿಗೆ ಹೊರಟಾಗ ಅತ್ತೆಯ ಗಂಟು ಕಟ್ಟೆಯ ಮೇಲಿತ್ತು. ಈ ಸಲ ಬಳೆಗಳ ಸದ್ದು ಅಲ್ಲೊಂದು ಇಲ್ಲೊಂದು. ತಿರುಗಿ ಬಂದು ಮುಚ್ಚಳ ತೆಗೆದೆವು. ಮೊಸರು ಗಟ್ಟಿಯಾಗಿ ಕೂತಿತ್ತು. ಆದರೆ ಒಂದು ಬದಿಗೆ ಕೆನೆಯ ಮೇಲೆ ಕೂದಲೆಳೆಯಷ್ಟು ಸೀಳು.

ಅತ್ತೆ ನೋಡಿದರು. ನಾನೂ ನೋಡಿದೆ. “ಸೀಳೇತ್ರಿ, ಅಳ್ಯಾರ,” ಎಂದರು.

ಹೆಂಡತಿ ಒಳಗಿನಿಂದ ಚಮಚ ಹಿಡಿದು ಬಂದು, ಆ ಬದಿಯಿಂದಲೇ ಒಂದು ದೊಡ್ಡ ಕೆನೆಯ ತುಂಡು ಎತ್ತಿ ಬಾಯಿಗೆ ಹಾಕಿಕೊಂಡಳು. ಇನ್ನೊಂದು ಚಮಚ ತೆಗೆದಳು.

“ಹಸಿವಿ ಆಗಿತ್ತ, ಯವ್ವಾ. ಎಲ್ಲೈತಿ ಸೀಳು?”

ಅತ್ತೆ ಮಗಳ ಮುಖ ನೋಡಿದರು. ಆಮೇಲೆ ಕಟ್ಟೆಯ ಮೇಲಿದ್ದ ಗಂಟನ್ನು ಒಯ್ದು ಮೋಟಾರಿನೊಳಗೆ ಇಟ್ಟರು.

ಮೂವತ್ತು ಮೈಲಿಗೆ ಆರು ತಾಸು ಹಿಡಿಯಿತು. ಚಕ್ಕಡಿಯೊಂದು ನಮ್ಮನ್ನು ಎರಡು ಸಲ ಹಿಂದೆ ಹಾಕಿತು, ಎರಡನೆಯ ಸಲ ಅದರಲ್ಲಿದ್ದವನು, “ಏನರ ಕೆಟ್ಟೇತೇನ್ರಿ?” ಎಂದು ಕೇಳಿದ. ಹೆಂಡತಿ ಜಮಖಂಡಿ ದಾಟುವ ಮೊದಲೇ ನಿದ್ದೆ ಹೋಗಿದ್ದಳು. ಬೀಳಗಿಯ ಈಚೆಯ ಹಳ್ಳ ಬಂದಾಗ ಅತ್ತೆ, “ನಿಲ್ಲಸ್ರಿ,” ಎಂದರು. ಮಗಳನ್ನು ಎಬ್ಬಿಸಿ, ಕೈ ಹಿಡಿದು, ಒಣ ಮರಳಿನ ಮೇಲೆ ನಡೆಸಿಕೊಂಡು ಆಚೆ ದಾಟಿಸಿದರು. ನಾನು ಖಾಲಿ ಮೋಟಾರು ಓಡಿಸಿಕೊಂಡು ಹಿಂದೆ ಹೋದೆ. ಆಚೆ ದಡದಲ್ಲಿ ಇಬ್ಬರೂ ಮತ್ತೆ ಹತ್ತಿ ಕೂತರು.

ಎರಡು ತಿಂಗಳಿಗೆ ಮಗಳು ಹುಟ್ಟಿದಳು. ಸುದ್ದಿ ತಂದವನು ಚಕ್ಕಡಿಯಲ್ಲಿ ಬಂದ. ಪಟ್ಟಿಯೊಂದರಿಂದ ಕಮ್ಮಾರನ ಕೈಲಿ ಈಳಿಗೆ ಮಾಡಿಸಿ ಅತ್ತೆಗೆ ಒಯ್ದು ಕೊಟ್ಟೆ. ಛಲೋ ಉಕ್ಕು. ಉಳಿದ ಮೂರು ಇನ್ನೂ ಇವೆ, ಬೇಕಾದವರು ದರ ಹೇಳಬಹುದು.

ನೀವೂ ಗಾಡಿ ಕೊಳ್ಳುವವರಿದ್ದರೆ ದರ ಹಿಡಿದು ಮಾತಾಡಿರಿ. ಬೇಕಾದದ್ದನ್ನು ಕೊನೆಗೆ ನೋಡಿರಿ, ಎರಡು ಸಲ ಎದ್ದು ಹೊರಡಿರಿ. ಕೊಸರನ್ನೂ ಬಿಡಬೇಡಿರಿ. ಆದರೆ ಒಳಗೆ ಕೂಡುವವರು ಯಾರು ಎಂಬುದನ್ನು ಮಾತ್ರ ಖರೆ ಹೇಳಿರಿ, ಐವತ್ತು ಏರಿದರೂ ಏರಲಿ. ಓಡಿಸಿ ನೋಡುವಾಗ ಮುಂದೆ ಕೂತು ಹಾರ್ನು ಒತ್ತುತ್ತ ಖುಷಿಪಡಬೇಡಿರಿ, ಹಿಂದೆ ಕೂತು ನೋಡಿರಿ. ನಾನು ಹಿಂದೆ ಕೂತು ನೋಡಿರಲಿಲ್ಲ. ಗಡಿಗೆ ಇಡುವುದಾದರೆ ಎಮ್ಮೆಯ ಮೊಸರೇ ಇರಲಿ, ಆಕಳದು ಒಲೆಯ ಪಕ್ಕದಿಂದ ಎತ್ತುವಾಗಲೇ ಒಡೆಯುತ್ತದೆ. ಮುಚ್ಚಳ ತೆಗೆಯುವಾಗ ಬಸುರಿಯನ್ನು ಹತ್ತಿರ ಕರೆಯಿರಿ, ಆಕೆಯ ಕೈಗೊಂದು ಚಮಚ ಕೊಡಿರಿ.